ಬೆಳಗಾವಿಯ ಗುಡ್ಡ, ಕೆರೆ, ನಾಲಾಗಳನ್ನು ಮತ್ತೆ ಕೂಡಿಸುವುದು ಹೇಗೆ?

ಬೆಳಗಾವಿ ಸುತ್ತಿನ ಗುಡ್ಡ, ಕೆರೆ, ನಾಲಾಗಳನ್ನು ಮತ್ತೆ ಒಂದಕ್ಕೊಂದು ಕೂಡಿಸಬೇಕಾದರೆ ಎಲ್ಲಿ, ಯಾವ ಗಿಡ ಹಚ್ಚಬೇಕು ಎಂದು ಕೇಳಿದ್ದೀರಿ. ಗಿಡ ಹಚ್ಚುವುದು ಕೊನೆಯ ಕೆಲಸ. ಪ್ರಾಣಿ, ಬೀಜ, ನೀರು ಈಗ ಎಲ್ಲಿ ಸಾಗುತ್ತಿವೆ, ಎಲ್ಲಿ ತಡೆದು ನಿಂತಿವೆ ಎಂಬುದು ಮೊದಲು ಗೊತ್ತಾಗಬೇಕು.

ಅದಕ್ಕೆ ಕ್ಯೂಜಿಐಎಸ್ ಎಂಬ, ನಕ್ಷೆ ಮಾಡುವ ಉಚಿತ ತಂತ್ರಾಂಶ ಸಾಕು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರ, 30 ಮೀಟರ್ ಎತ್ತರದ ನಕ್ಷೆ ಎರಡೂ ಪುಕ್ಕಟೆ ಸಿಗುತ್ತವೆ. ನವೆಂಬರಿನದೊಂದು, ಮಾರ್ಚಿನದೊಂದು ಚಿತ್ರ ತಗೊಳ್ಳಿ. ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ: ನವೆಂಬರಿನಲ್ಲಿ ಬೆಳೆಯೂ ಹಸಿರು, ಮಾರ್ಚಿನಲ್ಲಿ ಎಲೆ ಉದುರಿದ ಕಾಡು ಬೋಳು, ನೀರುಂಡ ಕಬ್ಬು ಮಾತ್ರ ಕಾಡಿನ ಹಾಗೆ ಕಾಣುತ್ತದೆ. ಅನುಮಾನ ಬಂದ ಕಡೆ ಹೋಗಿ ನೋಡಲೇಬೇಕು.

ವ್ಯಾಕ್ಸಿನ್ ಡಿಪೋ, ದಂಡು ಪ್ರದೇಶದ ಹಳೇ ಮರಗಳು, ಕೋಟೆ ಕೆರೆ, ಯಳ್ಳೂರಿನ ರಾಜಹಂಸಗಡ, ಪಶ್ಚಿಮಕ್ಕೆ ರಾಕಸಕೊಪ್ಪ, ದಕ್ಷಿಣಕ್ಕೆ ಖಾನಾಪುರದ ಕಾಡು, ಇವು ನೀವು ಕೂಡಿಸಬೇಕಾದ ನೆಲೆಗಳು. ಇವುಗಳ ನಡುವಿನ ದಾರಿ ಹುಡುಕಲು ಪ್ರತಿ ಬಗೆಯ ನೆಲಕ್ಕೂ ಒಂದು ಅಡ್ಡಿಯ ಅಂಕ ಕೊಡಿ: ದಟ್ಟ ಮರಗಳಿಗೆ 1, ಹೊಲಕ್ಕೆ 10, ಎರಡು ಪಥದ ರಸ್ತೆಗೆ 50, ಒತ್ತಾದ ಮನೆಗಳಿಗೆ 100, ರಾಷ್ಟ್ರೀಯ ಹೆದ್ದಾರಿ 48ಕ್ಕೆ ಇನ್ನೂ ಹೆಚ್ಚು. ಅಂಕ ಹೆಚ್ಚಿದಷ್ಟೂ ದಾಟುವುದು ಕಷ್ಟ; ಒಟ್ಟು ಅಂಕ ಕಡಿಮೆ ಬರುವ ದಾರಿಯನ್ನು ತಂತ್ರಾಂಶವೇ ಹುಡುಕಿ ಕೊಡುತ್ತದೆ. ಇವು ಆರಂಭದ ಅಂಕಗಳಷ್ಟೇ, ಪ್ರಾಣಿ ಬದಲಾದರೆ ಅಂಕವೂ ಬದಲಾಗಬೇಕು. ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ), ಮುಂಗುಸಿ, ಕಪ್ಪೆ ಈ ಮೂರಕ್ಕೆ ಬೇರೆ ಬೇರೆ ಲೆಕ್ಕ ಹಾಕಿ. ಚಿರತೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. 2022ರ ಆಗಸ್ಟಿನಲ್ಲಿ ಅದು ಗಾಲ್ಫ್ ಮೈದಾನದವರೆಗೂ ಬಂದಿತ್ತು. ಅದು ದಾಟುವ ಕಡೆಯೆಲ್ಲ ಕಪ್ಪೆ ದಾಟಲಾರದು.

ಗುಡ್ಡದ ಊರಿನಲ್ಲಿ ಕಡಿಮೆ ಅಡ್ಡಿಯ ದಾರಿ ಬಹುಪಾಲು ಹಳ್ಳದ ಗುಂಟವೇ ಬರುತ್ತದೆ. ಇಲ್ಲಿ ಅದು ಬಳ್ಳಾರಿ ನಾಲಾ ಮತ್ತು ಮಾರ್ಕಂಡೇಯ ನದಿ. ಆ ಗೆರೆಯ ಮೇಲೆ ಬರುವ ಸರ್ವೇ ನಂಬರ್ ಗುರುತಿಸಿ (ನಿಂತ ಜಾಗದ ಸರ್ವೇ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಇದಕ್ಕೆ ಅನುಕೂಲ), ಉತಾರದಲ್ಲಿ (ಪಹಣಿಯಲ್ಲಿ) 'ಬ' ಖರಾಬು ಎಷ್ಟಿದೆ ನೋಡಿ. ಅದು ಸಾರ್ವಜನಿಕ ನೆಲ, ಕೆಲಸ ಅಲ್ಲಿಂದಲೇ ಶುರುವಾಗಲಿ.

ಹೆಚ್ಚಿನ ದುಡ್ಡು ಹೋಗಬೇಕಾದ್ದು ರಸ್ತೆ ಕೆಳಗಿನ ಮೋರಿಗಳಿಗೆ. ಪೈಪ್ ಮೋರಿಯಿಂದ ಬೀಳುವ ನೀರು ಕೆಳಬದಿಯ ಮಣ್ಣು ಕೊರೆದು, ಕೆಲವೇ ಮಳೆಗಾಲದಲ್ಲಿ ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಒಂದೆರಡು ಅಡಿ ಮೇಲೆ ತೂಗಾಡುತ್ತದೆ. ಅಲ್ಲಿಗೆ ಮೀನು, ಕಪ್ಪೆಗಳ ದಾರಿ ಮುಗಿಯಿತು. ಕಲ್ಲನ್ನು ಮೆಟ್ಟಿಲಾಗಿ ಒಟ್ಟಿ ಆ ಎತ್ತರ ಮುಚ್ಚಬೇಕು. ಹೊಸದಾಗಿ ಕಟ್ಟುವುದಾದರೆ ಬಾಕ್ಸ್ ಮೋರಿ ಇರಲಿ, ತಳ ಹಳ್ಳಕ್ಕಿಂತ 30 ಸೆಂ.ಮೀ. ಕೆಳಗೆ ಹೋಗಲಿ; ಗರಸು ತಾನೇ ಬಂದು ಕೂರುತ್ತದೆ. ಒಂದು ಗೋಡೆಗೆ ಹೊಂದಿ, ಮಳೆಗಾಲದ ಸಾಮಾನ್ಯ ಹರಿವಿಗಿಂತ ಮೇಲೆ, 45 ಸೆಂ.ಮೀ. ಅಗಲದ ಒಣ ಕಟ್ಟೆ ಕೊಡಿ. ಮುಂಗುಸಿ ಅದರ ಮೇಲೆ ಓಡಾಡುತ್ತದೆ, ಆದರೆ ಕಟ್ಟೆಯ ಎರಡೂ ತುದಿ ದಂಡೆಗೆ ತಾಗಿರಬೇಕು. ಮೋರಿಯ ಬಾಯಿಗೆ ಬೀದಿದೀಪದ ಬೆಳಕು ಬೀಳಬಾರದು.

ನಾಲಾದ ಎರಡೂ ಬದಿ ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಈ ಕೆಲಸವೆಲ್ಲ ವ್ಯರ್ಥ. ಜಾಗ ಇರುವಲ್ಲಿ ಒಂದು ಅಡಿ ಏರಿಗೆ ಎರಡು ಅಡಿ ಹರವಿನ ಇಳಿಜಾರು ಮಾಡಿ, ಬುಡಕ್ಕೆ ಕಲ್ಲು ಕೊಟ್ಟು, ಮೇಲೆ ಲಾವಂಚ, ಲಕ್ಕಿ, ಹೊಂಗೆ, ಹೊಳೆಮತ್ತಿ ಹಚ್ಚಿ. ಬಳ್ಳಾರಿ ನಾಲಾ ಉಕ್ಕಿ ಭತ್ತದ ಗದ್ದೆ ಮುಳುಗುವ ಕಷ್ಟ ರೈತರಿಗೆ ಚೆನ್ನಾಗಿ ಗೊತ್ತು. ಹಳ್ಳ ಅಗಲವಾಗುತ್ತದೆ ಎಂದರೆ ಅವರು ನಿಮ್ಮ ಜೊತೆ ನಿಲ್ಲುತ್ತಾರೆ.

ಮಂಗಟ್ಟೆಗೆ ಹಣ್ಣು ಬೇಕು: ಅತ್ತಿ, ಬಸರಿ, ಆಲ ಹಾಕಿ. ಮಡ್ಡಿಯನ್ನು (ಹುಲ್ಲು, ಕುರುಚಲು ಬೆಳೆಯುವ ಒಣ ದಿನ್ನೆ) ಮಾತ್ರ ಖಾಲಿ ಜಾಗ ಅಂದುಕೊಂಡು ಅಕೇಶಿಯಾ ತುಂಬಬೇಡಿ. ಆ ಹುಲ್ಲು, ಕವಳಿ, ಕಾರೆಯೇ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮನೆ. ಲಂಟಾನವನ್ನೂ ಒಂದೇ ಸಲ ಕಿತ್ತರೆ ಸಣ್ಣ ಪ್ರಾಣಿಗಳಿಗೆ ಮರೆ ಇರುವುದಿಲ್ಲ. ಪಟ್ಟಿ ಪಟ್ಟಿಯಾಗಿ, ಬೇರು ಸಮೇತ ತೆಗೆದು, ಅಲ್ಲಿ ಸ್ಥಳೀಯ ಪೊದೆ ಬೇರೂರಿದ ಮೇಲೆ ಮುಂದಿನ ಪಟ್ಟಿಗೆ ಹೋಗಿ.

ಇದೆಲ್ಲ ಮಾಸ್ಟರ್ ಪ್ಲಾನ್‌ನಲ್ಲಿ ಸೇರದಿದ್ದರೆ ನಾಳೆ ಅದೇ ಗೆರೆಯ ಮೇಲೆ ಲೇಔಟ್ ಏಳುತ್ತದೆ. ಆ ಪ್ಲಾನಿನ ಕರಡು ಪ್ರತಿಗೆ ಆಕ್ಷೇಪಣೆ ಕರೆದಾಗ ಬರೀ ಹಸಿರು ಉಳಿಸಿ ಎಂದು ಬರೆದು ಕೊಡಬೇಡಿ. ನಕ್ಷೆ, ಸರ್ವೇ ನಂಬರ್, ದಂಡೆಯಿಂದ ಎಷ್ಟು ಮೀಟರ್ ಬಿಡಬೇಕು ಎಂಬುದನ್ನು ಸೇರಿಸಿ ಕೊಟ್ಟು, ಸ್ವೀಕೃತಿ ಪಡೆಯಿರಿ.