ಹಿಡಿಯುವ ಮೊದಲು ಅವನ ವೇಗಕ್ಕೆ ಬನ್ನಿ

ಕತೆ ಬರೆಯುವವರ ಪುಟಕ್ಕೆ ಈ ಸಲ ಬಂದ ಕಾಗದಗಳನ್ನು ಓದಿ ನನಗೆ ತುಂಬಾ ಖುಷಿಯಾಯಿತು. ಮಲ್ಪೆ, ಕಿನ್ನಿಗೋಳಿ, ಸುರತ್ಕಲ್, ಕಾಪು ಎಲ್ಲಾ ಕಡೆಯಿಂದ ಬಾಹ್ಯಾಕಾಶದ ಕತೆಗಳ ಬಗ್ಗೆಯೇ ಪ್ರಶ್ನೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಪೂರ್ತಿ ಇದನ್ನೇ ಮಾತಾಡೋಣ.

ಅಕ್ಕಾ, ನಾವು ಪಿಯುಸಿ ಓದುವ ನಾಲ್ವರು ಸೇರಿ ಒಂದು ಧಾರಾವಾಹಿ ಬರೆಯುತ್ತಿದ್ದೇವೆ. ‘ಬೊಳ್ಳಿ’ ಅಂತ ಒಂದು ನೌಕೆ, ಅದರಲ್ಲಿ ಐದು ಜನ. ಉಗ್ರಕೇತು ಎಂಬ ಮಹಾಶಕ್ತಿಯ ಶತ್ರುವನ್ನು ಜೀವಂತ ಹಿಡಿಯಬೇಕು. ಭೂಮಿಯನ್ನು ಸುತ್ತುತ್ತಾ ಅವನು ಮುಂದೆ ಓಡುತ್ತಾನೆ, ಇವರು ಎಂಜಿನ್ ಜೋರು ಮಾಡಿ ಹಿಂದಿನಿಂದ ಹೋಗಿ ಬಲೆ ಬೀಸುತ್ತಾರೆ. ಇದನ್ನು ಓದಿದ ನಮ್ಮ ಅಣ್ಣನೊಬ್ಬ “ಹೀಗೆಲ್ಲಾ ಹಿಡಿಯಲಿಕ್ಕೆ ಆಗುವುದೇ ಇಲ್ಲ” ಎಂದ. ಯಾಕೆ ಆಗುವುದಿಲ್ಲ?
– ನಾಲ್ವರು ಗೆಳೆಯರು, ಮಲ್ಪೆ

ಅಣ್ಣ ಹೇಳಿದ್ದು ಸರಿ. ಆದರೆ ಬೇಜಾರು ಮಾಡಬೇಡಿ. ನಿಜವಾಗಿ ಏನಾಗುತ್ತದೋ ಅದು ನೀವು ಬರೆದದ್ದಕ್ಕಿಂತ ಎಷ್ಟೋ ಚೆಂದ ಇದೆ.

ಮೊದಲು ವೇಗದ ಅಂದಾಜು ಬರಲಿ. 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ನೌಕೆ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ಹೋಗುತ್ತದೆ. ಮಂಗಳೂರಿನಲ್ಲಿ ಹೊರಟರೆ ಎಂಟು ಸೆಕೆಂಡಿನಲ್ಲಿ ಉಡುಪಿ. ಈಗ ಬೊಳ್ಳಿ ಮತ್ತು ಉಗ್ರಕೇತು ಒಂದೇ ಎತ್ತರದಲ್ಲಿದ್ದಾರೆ, ಅವನು ಮುಂದೆ, ಇವರು ಹಿಂದೆ ಅಂದುಕೊಳ್ಳಿ. ಬೊಳ್ಳಿ ಎಂಜಿನ್ ಜೋರು ಮಾಡಿದರೆ ಏನಾಗುತ್ತದೆ? ಅದು ಮೇಲಕ್ಕೆ ಏರುತ್ತದೆ. ಮೇಲಿನ ದಾರಿ ಉದ್ದ, ಅಲ್ಲಿ ಓಟವೂ ನಿಧಾನ. ಹಾಗಾಗಿ ಒಂದು ಸುತ್ತು ಮುಗಿಯುವಾಗ ಉಗ್ರಕೇತು ಮೊದಲಿಗಿಂತ ಇನ್ನೂ ದೂರ ಹೋಗಿರುತ್ತಾನೆ. ಅವನನ್ನು ಹಿಡಿಯಬೇಕಾದರೆ ಬೊಳ್ಳಿ ಬ್ರೇಕ್ ಹಾಕಬೇಕು! ಬ್ರೇಕ್ ಹಾಕಿದರೆ ಕೆಳಗೆ ಇಳಿಯುತ್ತದೆ, ಕೆಳಗಿನ ಸುತ್ತು ಗಿಡ್ಡ, ವೇಗವೂ ಜಾಸ್ತಿ, ಆದ್ದರಿಂದ ಮುಂದಿರುವವನನ್ನು ತಲುಪಬಹುದು.

ಇದು ಸುಮ್ನೆ ಪುಸ್ತಕದ ಮಾತಲ್ಲ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಜೇಮ್ಸ್ ಮ್ಯಾಕ್‌ಡಿವಿಟ್, ತಮ್ಮನ್ನು ಮೇಲೆ ತಂದ ರಾಕೆಟ್ಟಿನ ಖಾಲಿ ತುಂಡಿನ ಹತ್ತಿರ ಹೋಗಲು ನೋಡಿದರು. ಅದು ಕಣ್ಣೆದುರೇ ಇತ್ತು. ಅದರ ಕಡೆಗೆ ಮುಖ ಮಾಡಿ ಎಂಜಿನ್ ಉರಿಸಿದರು, ನಿಮ್ಮ ಬೊಳ್ಳಿಯ ಹಾಗೇ. ಉರಿಸಿದಷ್ಟೂ ಅದು ಕೈತಪ್ಪಿ ಹೋಯಿತು. ಇಂಧನ ಖಾಲಿಯಾಗುತ್ತಾ ಬಂತು, ಕೊನೆಗೆ ಬಿಟ್ಟುಬಿಟ್ಟರು. ಅದೇ ವರ್ಷ ಡಿಸೆಂಬರ್ 15ರಂದು ಜೆಮಿನಿ 6ಎ, ಲೆಕ್ಕ ಹಾಕಿ ಕೆಳಗಿನಿಂದ ಮೆಲ್ಲ ಏರಿ ಬಂದು, ಜೆಮಿನಿ 7ರ ಪಕ್ಕ ಒಂದು ಅಡಿ ದೂರದಲ್ಲಿ ನಿಂತಿತು. ಆರು ತಿಂಗಳಲ್ಲಿ ಎಷ್ಟು ಕಲಿತರು ನೋಡಿ.

ನಿಮ್ಮ ಕತೆಗೆ ಒಂದು ಲೆಕ್ಕ ಕೊಡುತ್ತೇನೆ. 400 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ ಬೇಕು. 300 ಕಿಲೋಮೀಟರ್ ಎತ್ತರದಲ್ಲಿ ಎರಡು ನಿಮಿಷ ಕಡಿಮೆ. ಉಗ್ರಕೇತು ಹತ್ತು ನಿಮಿಷ ಮುಂದಿದ್ದಾನೆ ಎಂದಿಟ್ಟುಕೊಳ್ಳಿ. ಬೊಳ್ಳಿ ನೂರು ಕಿಲೋಮೀಟರ್ ಕೆಳಗಿಳಿದು ಐದು ಸುತ್ತು ಹಾಕಬೇಕು, ಅಂದರೆ ಏಳೂವರೆ ಗಂಟೆ. ಆ ಏಳೂವರೆ ಗಂಟೆಯಲ್ಲೇ ನಿಮ್ಮ ಅಧ್ಯಾಯ ಇದೆ. ಐದು ಜನ ಒಂದೇ ಕೋಣೆಯಲ್ಲಿ, ಎಲ್ಲರಿಗೂ ಹೆದರಿಕೆ, ಒಬ್ಬನಿಗೆ ನಿದ್ದೆ ಬರುತ್ತದೆ, ಒಬ್ಬಳು ಇಂಧನದ ಮುಳ್ಳನ್ನೇ ನೋಡುತ್ತಾ ಕೂತಿದ್ದಾಳೆ, ಒಂದೂವರೆ ಗಂಟೆಗೊಮ್ಮೆ ಕಿಟಕಿಯಲ್ಲಿ ಸೂರ್ಯ ಹುಟ್ಟಿ ಮುಳುಗುತ್ತಾನೆ. ಇದನ್ನು ಬಿಟ್ಟು ನೀವು ಒಂದೇ ವಾಕ್ಯದಲ್ಲಿ “ವೇಗವಾಗಿ ಬೆನ್ನಟ್ಟಿದರು” ಎಂದು ಬರೆದಿದ್ದೀರಿ, ಅದು ನನಗೆ ನಷ್ಟ ಅನ್ನಿಸಿತು.

ಹತ್ತಿರ ಬಂದ ಮೇಲೂ ಅವಸರ ಮಾಡಿಸಬೇಡಿ. ನಮ್ಮ ಇಸ್ರೋದ ಸ್ಪೇಡೆಕ್ಸ್ ನೆನಪಿದೆ ಅಲ್ವಾ? 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿಯಲ್ಲಿ ಹೋದ ಎರಡು ಪುಟ್ಟ ಉಪಗ್ರಹಗಳು, ತಲಾ ಸುಮಾರು 220 ಕಿಲೋ. ಒಂದರ ಹೆಸರು ಚೇಸರ್, ಇನ್ನೊಂದರ ಹೆಸರು ಟಾರ್ಗೆಟ್. ನಿಮ್ಮ ಕತೆಗೇ ಹೆಸರಿಟ್ಟ ಹಾಗಿದೆ. ಜನವರಿ 12ರಂದು ಅವು 15 ಮೀಟರ್‌ಗೆ ಬಂದವು, ಆಮೇಲೆ 3 ಮೀಟರ್‌ಗೆ ಬಂದವು. ಇನ್ನೇನು ಕೂಡಿಕೊಂಡವು ಅನ್ನುವಾಗ ಮತ್ತೆ ಹಿಂದಕ್ಕೆ ಕರೆದರು, ಆ ದಿನದ ಮಾಹಿತಿಯನ್ನೆಲ್ಲಾ ಪರಿಶೀಲಿಸಲಿಕ್ಕೆ. ಸೇರಿದ್ದು 16ನೇ ತಾರೀಕಿಗೆ. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ಈ ಕೆಲಸ ಮಾಡಿದ ನಾಲ್ಕನೇ ದೇಶ ನಮ್ಮದು. ಮೂರು ಮೀಟರ್ ಹತ್ತಿರ ಹೋಗಿಯೂ ವಾಪಸ್ ಬರುವ ಕ್ಯಾಪ್ಟನ್ ನಿಮ್ಮ ಕತೆಯಲ್ಲಿ ಇರಬೇಕು.

ಬಲೆಯನ್ನು ಮಾತ್ರ ಖಂಡಿತ ಬಿಡಬೇಡಿ. 2018ರ ಸೆಪ್ಟೆಂಬರ್‌ನಲ್ಲಿ ರಿಮೂವ್‌ಡೆಬ್ರಿ ಎಂಬ ಯುರೋಪಿನ ಉಪಗ್ರಹ, ತಾನೇ ಹೊರಗೆ ಬಿಟ್ಟ ಒಂದು ಪುಟ್ಟ ವಸ್ತುವನ್ನು ನಿಜವಾಗಿಯೂ ಬಲೆ ಎಸೆದು ಹಿಡಿದಿದೆ. ಆ ಬಲೆ ಬಿಚ್ಚಿಕೊಂಡ ರೀತಿ ನಿಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೀಸುಬಲೆಗೆ ಅಂಚಿನಲ್ಲಿ ಭಾರ ಕಟ್ಟುತ್ತಾರಲ್ಲ, ಅದಕ್ಕೂ ಹಾಗೇ ಅಂಚಿನಲ್ಲಿ ಭಾರ ಇತ್ತು. ಆದರೆ ನೀರಿನಲ್ಲಿ ಬಲೆ ತಾನಾಗಿ ಮುಳುಗಿ ಮೀನನ್ನು ಮುಚ್ಚುತ್ತದೆ. ಮೇಲೆ ಮುಳುಗುವುದು ಎಂಬುದೇ ಇಲ್ಲ, ಬಲೆಯ ಬಾಯನ್ನು ಹಗ್ಗ ಎಳೆದು ಬಿಗಿಯುವ ಏರ್ಪಾಡು ಬಲೆಯಲ್ಲೇ ಇರಬೇಕು. ಇನ್ನೊಂದು ಮಾತು. ಬಲೆ ಮುಂದಕ್ಕೆ ಹೋದಾಗ ಬೊಳ್ಳಿ ಹಿಂದಕ್ಕೆ ಸರಿಯುತ್ತದೆ. ಎಸೆದವನ ಕಾಲು ಊರಲಿಕ್ಕೆ ಅಲ್ಲಿ ದೋಣಿಯ ಹಲಗೆಯಾಗಲಿ ಮರಳಾಗಲಿ ಇಲ್ಲ.

ನಮ್ಮ ಶಾಲೆಯ ಮಕ್ಕಳು ಬರೆದ ಬಾಹ್ಯಾಕಾಶ ನಾಟಕದಲ್ಲಿ ಶತ್ರು ಬಂದ ಕೂಡಲೇ ಎಲ್ಲರಿಗೂ ಅವನೇ ಇಷ್ಟವಾಗುತ್ತಾನೆ. ಆದರೆ ಕೊನೆಯಲ್ಲಿ ಅವನು ಸುಲಭವಾಗಿ ಸಿಕ್ಕಿಬೀಳುವಾಗ ಪ್ರೇಕ್ಷಕರಿಗೆ ನಿರಾಶೆ. ಎಲ್ಲಿ ತಪ್ಪುತ್ತಿದೆ?
– ಒಬ್ಬರು ಶಿಕ್ಷಕಿ, ಕಿನ್ನಿಗೋಳಿ

ಟೀಚರ್, ಶತ್ರು ಇಷ್ಟವಾಗುವುದು ತಪ್ಪೇ ಅಲ್ಲ. ನಮ್ಮ ಯಕ್ಷಗಾನದ ಆಟದಲ್ಲಿ ಮಹಿಷಾಸುರ ಬರುವಾಗ ನೋಡಿ. ದೊಂದಿಯ ಬೆಳಕು, ಚೆಂಡೆಯ ಪೆಟ್ಟು, ನಿದ್ದೆ ಹೋದ ಮಕ್ಕಳೆಲ್ಲಾ ಎದ್ದು ಕೂರುತ್ತಾರೆ, ಸಭೆಯ ನಡುವಿನಿಂದಲೇ ಅವನು ಅಬ್ಬರಿಸುತ್ತಾ ಬರುತ್ತಾನೆ. ಬಣ್ಣದ ವೇಷಕ್ಕೆ ಅಷ್ಟು ಮರ್ಯಾದೆ ಕೊಟ್ಟದ್ದರಿಂದಲೇ ಕೊನೆಗೆ ದೇವಿ ದೊಡ್ಡವಳಾಗಿ ಕಾಣುವುದು. ಹಾಗಾಗಿ ಪ್ರವೇಶವನ್ನು ಕಡಿಮೆ ಮಾಡಿಸಬೇಡಿ.

ತೊಂದರೆ ಇರುವುದು ಸೋಲಿನಲ್ಲಿ. ಹಿರಣ್ಯಕಶಿಪು ಸಾಯುವ ದಾರಿ ಅವನು ಕೇಳಿದ ವರದಲ್ಲೇ ಇತ್ತು. ಹಗಲೂ ಬೇಡ ರಾತ್ರಿಯೂ ಬೇಡ ಎಂದ, ಮುಸ್ಸಂಜೆಯನ್ನು ಮರೆತ. ಒಳಗೂ ಹೊರಗೂ ಬೇಡ ಎಂದ, ಹೊಸ್ತಿಲು ಉಳಿಯಿತು. ಕತೆ ಕೇಳುವವರಿಗೆ ವರ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಕಂಬ ಒಡೆದಾಗ ಯಾರಿಗೂ ಮೋಸ ಅನ್ನಿಸುವುದಿಲ್ಲ. ನಿಮ್ಮ ಮಕ್ಕಳ ಶತ್ರುವಿಗೂ ಅಂಥ ಒಂದು ವರ ಬೇಕು.

ಬಾಹ್ಯಾಕಾಶದಲ್ಲಿ ಅದನ್ನು ಕಟ್ಟಿಕೊಡುವ ಒಂದು ವಿಷಯ ನನಗೆ ತುಂಬಾ ಇಷ್ಟ: ಬಿಸಿ. ಯಾವ ಯಂತ್ರ ಓಡಿದರೂ ಬಿಸಿಯಾಗುತ್ತದೆ. ಇಲ್ಲಿ ಗಾಳಿ ಇದೆ, ನೀರಿದೆ, ಬಿಸಿ ಹೊರಗೆ ಹೋಗುತ್ತದೆ. ಮೇಲೆ ಗಾಳಿಯೇ ಇಲ್ಲ. ಫ್ಲಾಸ್ಕ್‌ನಲ್ಲಿ ಚಾ ಗಂಟೆಗಟ್ಟಲೆ ಬಿಸಿ ಇರುವುದು ಅದರ ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುವುದರಿಂದ. ನೌಕೆಯೂ ಹಾಗೇ, ದೊಡ್ಡ ಫ್ಲಾಸ್ಕ್ ಒಳಗೆ ಸಿಕ್ಕಿಕೊಂಡ ಹಾಗೆ. ಒಳಗಿನ ಬಿಸಿಯನ್ನು ಬರೀ ಕಿರಣಗಳಾಗಿ ಹೊರಗೆ ಬಿಡಬೇಕು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದಕ್ಕಾಗಿಯೇ ಅಗಲವಾದ ರೇಡಿಯೇಟರ್ ಹಲಗೆಗಳಿವೆ, ಅಮೋನಿಯಾ ಹರಿಸಿ ಬಿಸಿಯನ್ನು ಅಲ್ಲಿಗೆ ತರುತ್ತಾರೆ.

ಈಗ ಯೋಚನೆ ಮಾಡಿ. ಶತ್ರು ಎಷ್ಟು ಶಕ್ತಿವಂತನೋ ಅವನ ನೌಕೆ ಅಷ್ಟು ಬಿಸಿ. ಬಿಸಿ ಇದ್ದವನು ಶಾಖ ನೋಡುವ ಕ್ಯಾಮೆರಾಗೆ ಕಾಣದೆ ಇರುವುದಿಲ್ಲ. ಅಡಗಬೇಕಾದರೆ ರೇಡಿಯೇಟರ್ ಮಡಚಬೇಕು, ಮಡಚಿದರೆ ಒಳಗೆ ಬೇಯುತ್ತಾನೆ. ತಂಡ ಅವನಿಗೆ ಒಂದು ಗುಂಡೂ ಹೊಡೆಯಬೇಕಾಗಿಲ್ಲ, ಅವನು ತನ್ನ ಪೂರ್ತಿ ಬಲ ತೋರಿಸುವಂತೆ ಕೆಣಕಿ ಕೆಣಕಿ ಕಾದರೆ ಸಾಕು. ಮೊದಲನೇ ದೃಶ್ಯದಲ್ಲೇ ಅವನ ಕೋಣೆಯಲ್ಲಿ ಸೇವಕರು ಬೆವರು ಒರೆಸಿಕೊಳ್ಳಲಿ. ಏಪ್ರಿಲ್ ತಿಂಗಳ ನಮ್ಮ ಸೆಕೆ ಗೊತ್ತಿರುವ ಮಕ್ಕಳು ಅದನ್ನು ಚೆನ್ನಾಗಿ ಅಭಿನಯಿಸುತ್ತಾರೆ.

ನನ್ನ ಕತೆಯಲ್ಲಿ ಕ್ಯಾಪ್ಟನ್ ಒಬ್ಬನೇ ಎಲ್ಲಾ ಮಾಡುತ್ತಾನೆ, ಉಳಿದವರಿಗೆ ಕೆಲಸವೇ ಇಲ್ಲ ಎಂದು ಹೆಂಡತಿ ಹೇಳುತ್ತಾಳೆ. ತಂಡ ಬೇಕೇ ಬೇಕಾ?
– ಬ್ಯಾಂಕ್ ಉದ್ಯೋಗಿ, ಸುರತ್ಕಲ್

ನಿಮ್ಮ ಹೆಂಡತಿ ಒಳ್ಳೆಯ ಓದುಗರು. ಅವರ ಮಾತು ಕೇಳಿ.

1992ರ ಮೇ ತಿಂಗಳಲ್ಲಿ ನಡೆದದ್ದು ಹೇಳುತ್ತೇನೆ. ತಪ್ಪು ಕಕ್ಷೆಯಲ್ಲಿ ಎರಡು ವರ್ಷದಿಂದ ಸಿಕ್ಕಿಕೊಂಡಿದ್ದ, ಸುಮಾರು ನಾಲ್ಕು ಟನ್ ತೂಕದ ಇಂಟೆಲ್‌ಸ್ಯಾಟ್ ಉಪಗ್ರಹವನ್ನು ಹಿಡಿಯಲು ಎಂಡೆವರ್ ನೌಕೆ ಹೋಗಿತ್ತು. ಪಿಯರ್ ಥುವೊ ಎಂಬ ಗಗನಯಾತ್ರಿ ಯಂತ್ರದ ಕೈಯ ತುದಿಯಲ್ಲಿ ನಿಂತು, ಅದಕ್ಕೆಂದೇ ಮಾಡಿದ ಸರಳನ್ನು ಉಪಗ್ರಹಕ್ಕೆ ಸಿಕ್ಕಿಸಲು ನೋಡಿದರು. ಮುಟ್ಟಿದರೆ ಸಾಕು, ಉಪಗ್ರಹ ಓಲಾಡುತ್ತಾ ಸರಿಯುತ್ತಿತ್ತು. ಮೊದಲ ದಿನ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಮೂರನೇ ಸಲ ಮೂವರು ಹೊರಗೆ ಹೋದರು, ಥುವೊ, ರಿಚರ್ಡ್ ಹೀಬ್, ಥಾಮಸ್ ಏಕರ್ಸ್. ಹೊರಗೆ ಹೋಗುವ ಆ ಪುಟ್ಟ ಕೋಣೆ ಇಬ್ಬರಿಗೆಂದು ಮಾಡಿದ್ದು. ಮೂವರು ಮೂರು ಕಡೆ ನಿಂತು ಕಾದರು. ಕಮಾಂಡರ್ ಡ್ಯಾನಿಯಲ್ ಬ್ರಾಂಡನ್‌ಸ್ಟೈನ್ ಒಳಗಿನಿಂದ ಇಡೀ ನೌಕೆಯನ್ನು ಇಂಚಿಂಚು ಹತ್ತಿರ ತಂದರು. ಆಮೇಲೆ ಮೂವರೂ ಒಟ್ಟಿಗೆ, ಕೈಯಿಂದಲೇ, ಅದನ್ನು ಹಿಡಿದರು. ಅವತ್ತು ಅವರು ಹೊರಗಿದ್ದದ್ದು ಎಂಟೂವರೆ ಗಂಟೆ, ಒಂದೇ ನಿಮಿಷ ಕಡಿಮೆ. ಒಂದು ನೌಕೆಯಿಂದ ಮೂವರು ಒಟ್ಟಿಗೆ ಹೊರಗೆ ಹೋಗಿದ್ದು ಅದೇ ಮೊದಲು.

ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ಎರಡು ಸಾಲು ಜನ, ಎರಡು ಹಗ್ಗ. ಒಂದು ಸಾಲು ಅವಸರ ಮಾಡಿದರೆ ಮೀನು ಇನ್ನೊಂದು ಕಡೆಯಿಂದ ಹೋಗಿಬಿಡುತ್ತದೆ. ಹಾಗಾಗಿ ಕ್ಯಾಪ್ಟನ್‌ಗೆ ನೌಕೆ ನಡೆಸುವ ಕೆಲಸ ಮಾತ್ರ ಕೊಡಿ. ಹಿಡಿಯುವ ಕೈ ಬೇರೆಯವರದ್ದಾಗಲಿ.

ಶತ್ರುವನ್ನು ಹಿಡಿದ ಮೇಲೆ ಅವನ ವಿಚಾರಣೆ ಎಲ್ಲಿ? ಬಾಹ್ಯಾಕಾಶದಲ್ಲಿ ಯಾವ ದೇಶದ ಕಾನೂನು?
– ಕಾನೂನು ವಿದ್ಯಾರ್ಥಿನಿ, ಮಂಗಳೂರು

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಅಲ್ಲಿನ ಜಾಗ ಯಾವ ದೇಶದ್ದೂ ಅಲ್ಲ. ಆದರೆ ನೌಕೆ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ನೌಕೆಯ ಮೇಲೆ, ಅದರಲ್ಲಿರುವವರ ಮೇಲೆ, ಆ ದೇಶದ ಅಧಿಕಾರ ಇರುತ್ತದೆ. ಈಗಿನ ಬಾಹ್ಯಾಕಾಶ ನಿಲ್ದಾಣದ ಮಟ್ಟಿಗೆ 1998ರ ಒಪ್ಪಂದ ಬೇರೆ ಇದೆ, ಅಪರಾಧ ನಡೆದರೆ ಆರೋಪಿಯ ದೇಶಕ್ಕೆ ವಿಚಾರಣೆಯ ಹಕ್ಕು. ಹಾಗಾಗಿ ನಿಮ್ಮ ಶತ್ರು ಎಲ್ಲಿಯ ಪ್ರಜೆ, ಅವನ ನೌಕೆ ಯಾರ ಹೆಸರಿನಲ್ಲಿದೆ, ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅದೇ ಹಳೆಯ ಒಪ್ಪಂದದಲ್ಲಿ ಇನ್ನೊಂದು ಸಾಲಿದೆ, ನನಗಾದರೆ ಅದರ ಮೇಲೆಯೇ ಕತೆ ಕಟ್ಟುವ ಆಸೆ. ಒಂದು ದೇಶದ ಗಗನಯಾತ್ರಿಗಳು ಇನ್ನೊಂದು ದೇಶದ ಗಗನಯಾತ್ರಿಗಳಿಗೆ ಸಾಧ್ಯವಾದ ಎಲ್ಲಾ ಸಹಾಯ ಮಾಡಬೇಕು. ಹಿಡಿಯಲು ಹೋದಾಗ ಶತ್ರುವಿನ ಆಮ್ಲಜನಕ ಮುಗಿಯುತ್ತಾ ಬಂದಿದ್ದರೆ? ನಿಮ್ಮ ತಂಡ ಮೊದಲು ಕೈಕೋಳ ತೆಗೆಯುತ್ತದೋ, ಆಮ್ಲಜನಕದ ನಳಿಗೆ ತೆಗೆಯುತ್ತದೋ?

ಕನ್ನಡದಲ್ಲಿ ಇಂಥ ಕತೆ ಯಾಕೆ? ನಮ್ಮ ಊರಿಗೂ ರಾಕೆಟ್ಟಿಗೂ ಏನು ಸಂಬಂಧ?
– ನಿವೃತ್ತರೊಬ್ಬರು, ಉಡುಪಿ

ತುಂಬಾ ಹತ್ತಿರದ ಸಂಬಂಧ ಇದೆ ಸರ್. ಪಡುಬಿದ್ರಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರೇ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಮಾಡಿದ ತಂಡದ ನಾಯಕರು. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಅದನ್ನು ಕಟ್ಟಿದರು, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಮೇಲೆ ಹೋಯಿತು. ಆಮೇಲೆ 1984ರಿಂದ ಹತ್ತು ವರ್ಷ ಅವರು ಇಸ್ರೋ ಅಧ್ಯಕ್ಷರಾಗಿದ್ದರು. ಅದಮಾರಿನ ಹುಡುಗ ಉಪಗ್ರಹ ಕಟ್ಟಬಹುದಾದರೆ ಮಲ್ಪೆಯ ಹುಡುಗರು ಅದರ ಕತೆ ಕನ್ನಡದಲ್ಲಿ ಬರೆಯಲೇಬೇಕು. ಮೊಮ್ಮಕ್ಕಳಿದ್ದರೆ ಒಂದು ಭಾನುವಾರ ಪಿಲಿಕುಳದ ತಾರಾಲಯಕ್ಕೆ ಕರೆದುಕೊಂಡು ಹೋಗಿ. ದೀಪ ಆರಿ ತಲೆ ಮೇಲೆ ನಕ್ಷತ್ರ ತುಂಬಿದಾಗ ಅವರ ಮುಖ ನೋಡಿ.

ಅಕ್ಕಾ, ನಾನು ಆರನೇ ಕ್ಲಾಸ್. ನನ್ನ ಕತೆಯಲ್ಲಿ ನೌಕೆಯಿಂದ ಹೊರಗೆ ಬಂದವರು “ಹಿಡೀರಿ ಹಿಡೀರಿ” ಅಂತ ಬೊಬ್ಬೆ ಹಾಕ್ತಾರೆ. ಶತ್ರುವಿಗೆ ಕೇಳುತ್ತದಾ?
– ಪುಟ್ಟ ಓದುಗ, ಕಾಪು

ಕೇಳುವುದಿಲ್ಲ ಮಗಾ. ಶಬ್ದ ಹೋಗಬೇಕಾದರೆ ಗಾಳಿ ಬೇಕು, ಅಲ್ಲಿ ಗಾಳಿ ಇಲ್ಲ. ನಿನ್ನ ತಂಡದವರು ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಮಾತಾಡಿಕೊಳ್ಳಬಹುದು, ಅದಕ್ಕೆ ಗಾಳಿ ಬೇಡ. ರೇಡಿಯೋ ಹಾಳಾದರೆ ಏನು ಮಾಡುತ್ತಾರೆ ಎಂದು ನೀನೇ ಯೋಚಿಸು. ನಾನಾದರೆ ಬೆಳಕು ಕೊಡುತ್ತೇನೆ. ನಿಮ್ಮೂರ ದೀಪಸ್ತಂಭ ಇದೆಯಲ್ಲ, ಪ್ರತಿ ದೀಪಸ್ತಂಭಕ್ಕೂ ಮಿನುಗುವ ಒಂದು ಲೆಕ್ಕ ಇರುತ್ತದೆ, ಅದನ್ನು ಎಣಿಸಿಯೇ ಕಡಲಿನಲ್ಲಿರುವವರು ಇದು ಕಾಪು ಎಂದು ಗುರುತಿಸುತ್ತಾರೆ. ಇವತ್ತು ಸಂಜೆ ಅಪ್ಪನ ಜೊತೆ ಹೋಗಿ ಎಣಿಸಿ ಬಾ. ನಿನ್ನ ನೌಕೆಗೂ ಅಂಥದ್ದೇ ಒಂದು ಲೆಕ್ಕ ಕೊಡು, ಶತ್ರುವಿಗೆ ಗೊತ್ತಿಲ್ಲದ್ದು.