ಬೇವೋ ತಂಗಡಿಯೋ ಎಂದು ಆರಿಸುವ ಮುನ್ನ

ತೊಗರಿ ಬೇಳೆ ಮಿಲ್ಲಿನ ಜನರೇಟರಿನ ಡೀಸೆಲ್ ಟ್ಯಾಂಕನ್ನು ಶಿಲೀಂಧ್ರದ ತುಕ್ಕಿನಿಂದ ಕಾಯಲು ಬೇವಿನೆಲೆಯ ಸಾರ ಉತ್ತಮವೋ ತಂಗಡಿ ತೊಗಟೆಯದೋ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ನಾನು ಹಿಡಿದು ಕುಳಿತಿದ್ದೂ ಇದೇ ಆಯ್ಕೆಯನ್ನು. ಹಿಂದೆ ಚರ್ಮ ಹದಮಾಡಲು ಬಳಸುತ್ತಿದ್ದ ತಂಗಡಿ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ಹೇರಳವಾಗಿದ್ದು, ಅದು ಕಬ್ಬಿಣದೊಡನೆ ಕೂಡಿ ಕಪ್ಪು ಪದರ ಕಟ್ಟುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ತಂಗಡಿಯ ಪಕ್ಷ ಸೇರಿದೆ.

ಪೋಷಕ ದ್ರಾವಣದಲ್ಲಿ ಉಕ್ಕಿನ ತುಂಡು ಒಂದು ಫ್ಲಾಸ್ಕಿನಲ್ಲಿ, ಅದರೊಡನೆ ಆಸ್ಪರ್ಜಿಲ್ಲಸ್ ನೈಗರ್ ಎಂಬ ಶಿಲೀಂಧ್ರ ಇನ್ನೊಂದರಲ್ಲಿ, ಶಿಲೀಂಧ್ರವೂ ಸಾರವೂ ಮತ್ತೊಂದರಲ್ಲಿ. ಶಿಲೀಂಧ್ರವಷ್ಟೇ ಇದ್ದ ತುಂಡಿಗಿಂತ ಸಾರವೂ ಇದ್ದ ತುಂಡಿನ ತೂಕ ಕಡಿಮೆ ಇಳಿದಿತ್ತು. ಸಾರವು ಲೋಹಕ್ಕೆ ಅಂಟಿಕೊಂಡು ರಕ್ಷಿಸಿತೆಂದು ಬರೆದುಬಿಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಬಂದದ್ದು ಒಂದೇ ಪ್ರಶ್ನೆ: ಸಾರ ಉಕ್ಕನ್ನು ಕಾಯಿತೋ, ಶಿಲೀಂಧ್ರವನ್ನು ಕೊಂದಿತೋ?

ಈ ಶಿಲೀಂಧ್ರ ಆಕ್ಸಾಲಿಕ್ ಮತ್ತು ಸಿಟ್ರಿಕ್ ಆಮ್ಲಗಳನ್ನು ಸ್ರವಿಸಿ ಉಕ್ಕನ್ನು ಕೊರೆಯುತ್ತದೆ. ಅದರ ಬೆಳವಣಿಗೆ ಕುಂಠಿತವಾದರೆ, ಲೋಹದ ಮೇಲೆ ಸಾರದ ಒಂದು ಅಣುವೂ ಕೂರದಿದ್ದರೂ ಸವೆತ ತಗ್ಗುತ್ತದೆ. ಇವೆರಡನ್ನು ಬೇರ್ಪಡಿಸಲು ಶಿಲೀಂಧ್ರವಿಲ್ಲದ, ಆಕ್ಸಾಲಿಕ್ ಆಮ್ಲದಿಂದ ಆಮ್ಲೀಯತೆಯನ್ನು ಅದೇ ಪಿಎಚ್‌ಗೆ ತಂದ ಇನ್ನೊಂದು ಜೋಡಿ ಫ್ಲಾಸ್ಕ್ ಬೇಕಿತ್ತು, ಒಂದರಲ್ಲಿ ಸಾರ, ಇನ್ನೊಂದರಲ್ಲಿ ಇಲ್ಲ. ಶಿಲೀಂಧ್ರ ಎಷ್ಟು ಬೆಳೆದಿತ್ತೆಂದು ತಿಳಿಸುವ ಅದರ ಒಣತೂಕವನ್ನೂ ನಾನು ಅಳೆದಿರಲಿಲ್ಲ. ಸಾಲದೆಂಬಂತೆ, ಆಸ್ಪರ್ಜಿಲ್ಲಸ್ ನೈಗರ್ ಟ್ಯಾನೇಸ್ ಎಂಬ ಕಿಣ್ವದಿಂದ ಕೆಲವು ಬಗೆಯ ಟ್ಯಾನಿನ್ನನ್ನೇ ಒಡೆದು ತಿನ್ನಬಲ್ಲದು. ನಾನು ವಿಷವೆಂದು ಹಾಕಿದ್ದು ಅದಕ್ಕೆ ಊಟವೂ ಆಗಿರಬಹುದು. ಪ್ರಾಜೆಕ್ಟನ್ನು ಪುನಃ ಮಾಡಿ ಮುಗಿಸುವಷ್ಟರಲ್ಲಿ ಸಹಪಾಠಿಗಳು ಕೆಲಸಕ್ಕೆ ಸೇರಿದ್ದರು.

ಆದ್ದರಿಂದ ಯಾವ ಗಿಡ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಪ್ರಯೋಗ ಮಾಡಲೇಬೇಕೆಂದಿದ್ದರೆ ಶಿಲೀಂಧ್ರವಿಲ್ಲದ ಆ ಜೋಡಿ ಫ್ಲಾಸ್ಕನ್ನು ಮೊದಲು ಇಡಿ. ಸಾರದಲ್ಲಿನ ಸೂಕ್ಷ್ಮಜೀವಿಗಳನ್ನು ತೆಗೆಯಲು ಅದನ್ನು ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆಯಲ್ಲಿ) 121 ಡಿಗ್ರಿಗೆ ಬೇಯಿಸದೆ 0.22 ಮೈಕ್ರಾನ್ ಶೋಧಕದಲ್ಲಿ ಸೋಸಿ. ತೂಗುವ ಮುನ್ನ ತುಂಡಿಗಂಟಿದ ಪದರವನ್ನು ಪೂರ್ತಿ ತೆಗೆಯಿರಿ, ಇಲ್ಲವಾದರೆ ಪದರದ ತೂಕವೂ ಉಳಿದ ಉಕ್ಕೆಂದೇ ಲೆಕ್ಕಕ್ಕೆ ಬರುತ್ತದೆ.

ಟ್ಯಾಂಕಿನ ಮಾತೇ ಬೇರೆ. ಡೀಸೆಲ್ ತಿಂದು ಬದುಕುವ ಹಾರ್ಮೋಕೋನಿಸ್ ರೆಸಿನೆಯಂಥ ಶಿಲೀಂಧ್ರಗಳು ಬೆಳೆಯುವುದು ತಳದಲ್ಲಿ ನಿಂತ ನೀರು ಡೀಸೆಲ್ಲಿಗೆ ತಾಗುವ ಗಡಿಯಲ್ಲಿ. ನೀರಿನಲ್ಲಿ ಕುದಿಸಿದ ನಿಮ್ಮ ಸಾರ ಡೀಸೆಲ್ಲಿನಲ್ಲಿ ಬೆರೆಯುವುದಿಲ್ಲ. ನೇರ ತಳಕ್ಕಿಳಿದು ಅಲ್ಲಿನ ನೀರನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೇವನ್ನೂ ತಂಗಡಿಯನ್ನೂ ಬದಿಗಿಟ್ಟು, ತಳದ ಕೊಳಾಯಿ ತಿರುಗಿಸಿ ಆ ನೀರನ್ನು ಬಸಿದುಬಿಡಿ.