ನಾಲ್ಕು ಜನ, ಒಂದು ಸೆಮಿಸ್ಟರ್: ರೈಲ್ವೆ ಎಂಜಿನಿಯರಿಂಗ್‌ನಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಯಾವ ವಿಷಯ ಒಳ್ಳೆಯದು?

ಹೈಸ್ಪೀಡ್ ಮಾರ್ಗವೊಂದನ್ನು ಪೂರ್ತಿ ವಿನ್ಯಾಸ ಮಾಡಬೇಕೆಂದಿದ್ದೀರಿ. ಬೇಡ. ಮಣ್ಣಿನ ಪರೀಕ್ಷೆ, ಸಂಚಾರದ ಅಂದಾಜು ಯಾವುದೂ ಇಲ್ಲದೆ ನಕ್ಷೆಯ ಮೇಲೆ ಗೆರೆ ಎಳೆದರೆ, ವೈವಾದಲ್ಲಿ "ಈ ಸಂಖ್ಯೆ ಎಲ್ಲಿಂದ ಬಂತು?" ಅಂದಾಗ ಸಿಕ್ಕಿಬೀಳುತ್ತೀರಿ. ಈಗಾಗಲೇ ಇರುವ ಒಂದೇ ಒಂದು ಕರ್ವ್ (ಹಳಿಯ ತಿರುವು) ಹಿಡಿದು, ಅಳೆದು, ಸರಿಪಡಿಸುವ ವಿನ್ಯಾಸ ಕೊಡಿ. ಬೇಕಾದಷ್ಟು ಕೆಲಸ ಅದರಲ್ಲೇ ಇದೆ.

ಅನುಮತಿ ಪತ್ರ ಮೊದಲ ವಾರವೇ ಹೋಗಲಿ. ರೈಲು ಓಡುವ ಹಳಿಯಾದರೆ ರೈಲ್ವೆಯವರ ಕಾವಲು ಇಲ್ಲದೆ ಕಾಲಿಡಬೇಡಿ. ಬಳಕೆಯಲ್ಲಿಲ್ಲದ ಸೈಡಿಂಗ್ (ಮುಖ್ಯ ಹಳಿಯ ಪಕ್ಕದ ಕವಲು ಹಳಿ) ಸಿಕ್ಕರೆ ಇನ್ನೂ ಸಲೀಸು.

ಹೊರಹಳಿಯ ಒಳಮುಖದ ಮೇಲೆ 10 ಮೀಟರಿಗೊಂದು ಗುರುತು ಹಾಕಿ. 20 ಮೀಟರ್ ದಾರ ಬಿಗಿಯಾಗಿ ಹಿಡಿದು, ನಡುವಿನ ಗುರುತಿನಲ್ಲಿ ವರ್ಸೈನ್, ಅಂದರೆ ದಾರದಿಂದ ಹಳಿಗಿರುವ ದೂರ, ಅಳೆಯಿರಿ. 600 ಮೀ. ತ್ರಿಜ್ಯಕ್ಕೆ ಅದು 83 ಮಿ.ಮೀ. ಆಸುಪಾಸು ಬರಬೇಕು. ಒಂದು ಗುರುತಿನಲ್ಲಿ 70, ಮುಂದಿನದರಲ್ಲಿ 95 ಬಂದರೆ ಅಲ್ಲಿ ಹಳಿ ಸರಿದಿದೆ, ಇಲ್ಲವೇ ಗಾಳಿಗೆ ದಾರ ಬಾಗಿದೆ. ಮತ್ತೊಮ್ಮೆ ಅಳೆದರೆ ಯಾವುದೆಂದು ಗೊತ್ತಾಗುತ್ತದೆ. ಎರಡೂ ತುದಿಯಲ್ಲಿ ನೇರ ಹಳಿಯ ಮೂರು ಗುರುತುಗಳನ್ನಾದರೂ ಸೇರಿಸಿಕೊಳ್ಳಿ.

ಬಹಳಷ್ಟು ತಂಡಗಳು ಎಡವುವುದು ಸ್ಲ್ಯೂ ಲೆಕ್ಕದಲ್ಲಿ, ಅಂದರೆ ಪ್ರತಿ ಗುರುತಿನಲ್ಲಿ ಹಳಿಯನ್ನು ಪಕ್ಕಕ್ಕೆ ಎಷ್ಟು ಸರಿಸಬೇಕು ಅನ್ನುವುದರಲ್ಲಿ. ಒಂದು ಗುರುತಿನಲ್ಲಿ ಹಳಿಯನ್ನು 10 ಮಿ.ಮೀ. ಹೊರಕ್ಕೆ ತಳ್ಳಿದರೆ ಅಲ್ಲಿನ ವರ್ಸೈನ್ 10 ಹೆಚ್ಚುತ್ತದೆ, ಅಕ್ಕಪಕ್ಕದವು 5-5 ಇಳಿಯುತ್ತವೆ. ಹಾಗಾಗಿ ಹಳೆಯ ವರ್ಸೈನ್‌ಗಳ ಮೊತ್ತವೂ ಹೊಸವುಗಳ ಮೊತ್ತವೂ ಒಂದೇ ಇರಬೇಕು. ಹಳೆಯ-ಹೊಸ ವರ್ಸೈನ್‌ಗಳ ವ್ಯತ್ಯಾಸಗಳನ್ನು ಎರಡು ಸಲ ಕೂಡಿಸುತ್ತಾ ಹೋಗಿ, ಎರಡರಿಂದ ಗುಣಿಸಿದರೆ ಸ್ಲ್ಯೂ ಸಿಗುತ್ತದೆ. ಕೊನೆಯ ಗುರುತಿನಲ್ಲಿ ಅದು ಸೊನ್ನೆಗೆ ಬರಲೇಬೇಕು. 83.3 ಅನ್ನು 83 ಎಂದು ದುಂಡಗೆ ಮಾಡಿದರೆ ಏನಾಗುತ್ತದೆ ಅನ್ನುತ್ತೀರಾ? 20 ಗುರುತು ದಾಟುವಷ್ಟರಲ್ಲಿ ಸ್ಲ್ಯೂ 120 ಮಿ.ಮೀ.ಗಿಂತ ಹೆಚ್ಚು ತಪ್ಪುತ್ತದೆ. ಎರಡು ಸಲ ಕೂಡಿಸುವ ಲೆಕ್ಕದಲ್ಲಿ ಸಣ್ಣ ತಪ್ಪೂ ಹೀಗೆ ಬೆಳೆಯುತ್ತದೆ.

ಆಮೇಲೆ ಕ್ಯಾಂಟ್, ಅಂದರೆ ಒಳಹಳಿಗಿಂತ ಹೊರಹಳಿ ಎಷ್ಟು ಎತ್ತರ ಅನ್ನುವುದು. ಸ್ಟ್ಯಾಂಡರ್ಡ್ ಗೇಜ್‌ನಲ್ಲಿ ಹಳಿತಲೆಗಳ ಮಧ್ಯಬಿಂದುಗಳ ನಡುವಿನ ಅಂತರ 1500 ಮಿ.ಮೀ. ಎಂದಿಟ್ಟುಕೊಂಡರೆ, 600 ಮೀ. ತ್ರಿಜ್ಯ, 80 ಕಿ.ಮೀ. ವೇಗಕ್ಕೆ ಸಮತೋಲನದ (ಎರಡೂ ಹಳಿಗೆ ಸಮ ಭಾರ ಬೀಳುವ) ಕ್ಯಾಂಟ್ 126 ಮಿ.ಮೀ. ನೀವು 75 ಕೊಟ್ಟರೆ 51 ಕೊರತೆ. ಅದೇ ಕರ್ವ್‌ನಲ್ಲಿ 40 ಕಿ.ಮೀ. ವೇಗದ ಗೂಡ್ಸ್‌ಗೆ ಬೇಕಾದ್ದು 31 ಮಾತ್ರ, ಅಂದರೆ 44 ಹೆಚ್ಚುವರಿ. ಭಾರ ಹೆಚ್ಚಾಗಿ ಒಳಹಳಿಗೆ ವಾಲುತ್ತದೆ. ಎರಡನ್ನೂ ನಿಮ್ಮ ದೇಶದ ಮಿತಿಗಳ ಜೊತೆ ಹೋಲಿಸಿ ಬರೆಯಿರಿ.

80 ಕಿ.ಮೀ. ವೇಗದಲ್ಲಿ ಆ 75 ಮಿ.ಮೀ. ಕ್ಯಾಂಟ್‌ನ ಏರಿಕೆ ಸೆಕೆಂಡಿಗೆ 35 ಮಿ.ಮೀ. ಎಂದಾದರೆ ಟ್ರಾನ್ಸಿಷನ್ (ನೇರ ಹಳಿಯಿಂದ ಕರ್ವ್‌ಗೆ ನಿಧಾನವಾಗಿ ತಿರುಗುವ ಭಾಗ) ಸುಮಾರು 48 ಮೀ., ಶಿಫ್ಟ್ (ಅದಕ್ಕಾಗಿ ಕರ್ವ್ ಒಳಕ್ಕೆ ಸರಿಯುವ ದೂರ) 160 ಮಿ.ಮೀ. ಪಕ್ಕದಲ್ಲೇ ವಿದ್ಯುತ್ ಕಂಬವೋ ಪ್ಲಾಟ್‌ಫಾರಂ ಅಂಚೋ ಇದ್ದರೆ ಆ 160ಕ್ಕೆ ಜಾಗವಿದೆಯೇ ಎಂದು ಟೇಪ್ ಹಿಡಿದು ನೋಡಿ, ಆಮೇಲೆ ಡ್ರಾಯಿಂಗ್ ಶುರುಮಾಡಿ.